ಓದಿನ ಅವಧಿಗೆ ಮಾತ್ರ ಬರುವ ಗಲಾಟೆ: ಮೂರನೇ ತರಗತಿಯ ಒಂದು ಪ್ರಕರಣ ಅಧ್ಯಯನ

ಮೊದಲು ಪೆನ್ಸಿಲ್ ಬೀಳುತ್ತಿತ್ತು. ಅದನ್ನು ಎತ್ತಿಕೊಳ್ಳಲು ಅವನು ಬೆಂಚಿನ ಕೆಳಗೆ ಇಳಿಯುತ್ತಿದ್ದ, ಅಲ್ಲಿಂದಲೇ ಮುಂದಿನವನ ಕಾಲು ಎಳೆಯುತ್ತಿದ್ದ, ಅವನು ಚೀರುತ್ತಿದ್ದ, ಇಡೀ ತರಗತಿ ತಿರುಗಿ ನೋಡುತ್ತಿತ್ತು. ನಾನು ಪುಸ್ತಕ ಮಡಚಿ ಅವನ ಹೆಸರು ಹಿಡಿದು ಕೂಗುವಷ್ಟರಲ್ಲಿ, ಗಟ್ಟಿಯಾಗಿ ಓದುತ್ತಿದ್ದ ಮಗುವಿಗೆ ತಾನು ಯಾವ ಸಾಲಿನಲ್ಲಿದ್ದೆ ಎಂಬುದೇ ಮರೆತುಹೋಗಿರುತ್ತಿತ್ತು. ಗಟ್ಟಿ ಓದು ಇದ್ದ ದಿನವೆಲ್ಲ ಇದೇ ಕಥೆ.

ಅವನನ್ನು ಇಲ್ಲಿ ‘ಹುಡುಗ’ ಎಂದಷ್ಟೇ ಕರೆಯುತ್ತೇನೆ. ವಯಸ್ಸು ಎಂಟು, ಮೂರನೇ ತರಗತಿ. ಬಾಯಿಲೆಕ್ಕ ಕೇಳಿದರೆ ಮೊದಲು ಏಳುವ ಕೈ ಅವನದು. ಕಥೆ ಹೇಳಿದರೆ ಕಣ್ಣು ಮಿಟುಕಿಸದೆ ಕೇಳುತ್ತಾನೆ, ಮರುದಿನ ಒಂದು ಪ್ರಸಂಗವನ್ನೂ ಬಿಡದೆ ತಿರುಗಿ ಹೇಳುತ್ತಾನೆ. ಹೀಗಿರುವ ಮಗು ಓದಿನ ಅವಧಿಯಲ್ಲಿ ಮಾತ್ರ ಚೇಷ್ಟೆ ಮಾಡಿದರೆ ಯಾರಿಗಾದರೂ ಅದು ಹಟದಂತೆಯೇ ಕಾಣುತ್ತದೆ. ‘ಬುದ್ಧಿ ಇದೆ, ಮನಸ್ಸಿಲ್ಲ’ ಎಂದು ಶಿಕ್ಷಕರ ಕೊಠಡಿಯಲ್ಲಿ ಅವನ ಬಗ್ಗೆ ಹೇಳಿದವರಲ್ಲಿ ನಾನೇ ಮೊದಲು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಅರ್ಧ ವರ್ಷ ಹಿಡಿಯಿತು.

ಆ ಅರ್ಧ ವರ್ಷದಲ್ಲಿ ನಾವು ಮಾಡಿದ್ದನ್ನೆಲ್ಲ ಬೇಗ ಹೇಳಿ ಮುಗಿಸುತ್ತೇನೆ. ಜಾಗ ಬದಲಿಸಿದೆವು. ಗದರಿದೆವು. ಡೈರಿಯಲ್ಲಿ ಬರೆದು ಮನೆಗೆ ಕಳಿಸಿದೆವು. ಯಾವುದೂ ನಡೆಯದಿದ್ದಾಗ ಬಾಗಿಲ ಬಳಿ ನಿಲ್ಲಿಸುವುದು ರೂಢಿಯಾಯಿತು. ನಿಂತ ಮರುಕ್ಷಣವೇ ಹುಡುಗ ಶಾಂತನಾಗುತ್ತಿದ್ದ. ಶಿಕ್ಷೆ ನಾಟಿತು ಎಂದು ನನಗೆ ಅನ್ನಿಸುತ್ತಿತ್ತು. ಹಾಗೆ ನಾಟಿದ್ದರೆ ಮರುದಿನ ಗಲಾಟೆ ಕಡಿಮೆಯಾಗಬೇಕಿತ್ತು. ಆದರೆ ಅದು ಇನ್ನಷ್ಟು ಬೇಗ ಶುರುವಾಗುತ್ತಿತ್ತು. ಮೊದಮೊದಲು ಅವಧಿಯ ಅರ್ಧದಲ್ಲಿ ಬೀಳುತ್ತಿದ್ದ ಪೆನ್ಸಿಲ್, ಕೆಲವು ತಿಂಗಳಲ್ಲಿ ಪುಸ್ತಕ ತೆರೆಯುವ ಮೊದಲೇ ಬೀಳತೊಡಗಿತು.

ಮೂರು ಕಂಬದ ನೋಟ್‌ಬುಕ್

ದಾರಿ ತೋರಿಸಿದ್ದು ಒಬ್ಬ ಸಹೋದ್ಯೋಗಿ. ಅವರು ಹೇಳಿದ್ದು ಇಷ್ಟೇ: ‘ಅವನು ಏನು ಮಾಡಿದ ಅಂತ ಮಾತ್ರ ಬರೀತಾ ಇದ್ದೀರಿ. ಅದರ ಹಿಂದಿನ ನಿಮಿಷ ಏನಾಯ್ತು, ಮುಂದಿನ ನಿಮಿಷ ಏನಾಯ್ತು, ಅದನ್ನೂ ಬರೀರಿ.’ ನೋಟ್‌ಬುಕ್ಕಿನಲ್ಲಿ ಮೂರು ಕಂಬ (ಕಾಲಂ) ಎಳೆದೆ: ಮೊದಲು, ನಡವಳಿಕೆ, ನಂತರ. ನಾನು ಪಾಠ ಮಾಡುತ್ತಿದ್ದಾಗ ಬರೆಯಲಾಗದು. ಅದಕ್ಕೆ ಒಂದು ವಾರ ಅವರೇ ಹಿಂದಿನ ಬೆಂಚಿನಲ್ಲಿ ಕುಳಿತು ಬರೆದರು.

ವಾರದ ಕೊನೆಗೆ ಆ ಪುಟಗಳನ್ನು ಓದಿದಾಗ ನನಗೆ ಮುಖ ಎತ್ತಲಾಗಲಿಲ್ಲ. ನಾನು ಮಾದರಿ ವಾಚನ ಮಾಡುತ್ತಿರುವಾಗ ನಡವಳಿಕೆಯ ಕಂಬ ಖಾಲಿ. ಕೈ ಕಟ್ಟಿ ಕೇಳುತ್ತಿದ್ದಾನೆ. ಬಾಯಿಪ್ರಶ್ನೆಗಳ ಹೊತ್ತಿನಲ್ಲಿ ಖಾಲಿ. ಬೋರ್ಡಿನಿಂದ ಉತ್ತರ ನಕಲು ಮಾಡುವಾಗಲೂ ಖಾಲಿ, ಅಕ್ಷರ ನೋಡಿ ಗೀಚಲು ಓದು ಬೇಕಿಲ್ಲವಲ್ಲ. ಗಲಾಟೆ ತುಂಬಿದ್ದು ಎರಡೇ ಹೊತ್ತಿನಲ್ಲಿ. ಒಂದು, ಬೆಂಚಿನಿಂದ ಬೆಂಚಿಗೆ ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದುವಾಗ, ಅದೂ ಸರದಿ ಅವನಿಗಿಂತ ಎರಡು ಮೂರು ಮಕ್ಕಳ ದೂರಕ್ಕೆ ಬಂದಾಗ. ಇನ್ನೊಂದು, ‘ಎರಡನೇ ಪ್ಯಾರಾ ನೀವೇ ಓದಿ, ಪ್ರಶ್ನೆಗೆ ಉತ್ತರ ಬರೆಯಿರಿ’ ಎಂದಾಗ. ಮೂರನೇ ಕಂಬದಲ್ಲಿ ಬಹುಪಾಲು ಒಂದೇ ಮಾತು: ಬಾಗಿಲ ಬಳಿ ನಿಲ್ಲಿಸಿದರು, ಸರದಿ ಮುಂದಿನವರಿಗೆ ಹೋಯಿತು.

ಬಿ.ಎಡ್‌ನಲ್ಲಿ ನಾವೆಲ್ಲ ಓದಿದ ಪರಿಕಲ್ಪನೆಯೇ ಇದು: ಋಣಾತ್ಮಕ ಪುನರ್ಬಲನ. ಹಿಂಸೆಯಾಗುವ ಒಂದು ಸಂಗತಿಯಿಂದ ಬಿಡುಗಡೆ ಸಿಕ್ಕರೆ, ಆ ಬಿಡುಗಡೆ ತಂದುಕೊಟ್ಟ ನಡವಳಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಪರೀಕ್ಷೆಯಲ್ಲಿ ನಾನು ಈ ಪ್ರಶ್ನೆಗೆ ಚೆನ್ನಾಗಿಯೇ ಉತ್ತರಿಸಿದ್ದೆ. ತರಗತಿಯಲ್ಲಿ ದಿನವೂ ನನ್ನ ಕೈಯಿಂದಲೇ ಅದು ನಡೆಯುತ್ತಿದ್ದಾಗ ಗುರುತಿಸಲಿಲ್ಲ. ನನ್ನ ಲೆಕ್ಕದಲ್ಲಿ ಬಾಗಿಲು ಶಿಕ್ಷೆ. ಹುಡುಗನಿಗೆ ಅದು ಓದಿನಿಂದ ಪಾರಾಗುವ ದಾರಿ, ಅದಕ್ಕೆ ತೆರಬೇಕಾದ ಬೆಲೆ ಒಂದು ಪೆನ್ಸಿಲ್ ಬೀಳಿಸುವಷ್ಟೇ.

ಆದರೂ ಅವಸರಪಟ್ಟು ತೀರ್ಮಾನಕ್ಕೆ ಬರುವುದು ಸರಿಯಲ್ಲ ಎನ್ನಿಸಿತು. ಗಮನ ಸೆಳೆಯಲು ಮಾಡುತ್ತಿರಬಹುದು. ಹಾಗಿದ್ದರೆ ಗಣಿತದ ಅವಧಿಯಲ್ಲೂ ಮಾಡಬೇಕಿತ್ತು. ಕಣ್ಣು ಕಾಣದಿರಬಹುದು, ಪೋಷಕರಿಗೆ ಹೇಳಿ ಕಣ್ಣು, ಕಿವಿ ಎರಡನ್ನೂ ತಪಾಸಣೆ ಮಾಡಿಸಿದೆವು, ತೊಂದರೆ ಇರಲಿಲ್ಲ. ಈ ತಪಾಸಣೆಯನ್ನು ಎಲ್ಲಕ್ಕಿಂತ ಮೊದಲು ಮಾಡಿಸಬೇಕು. ಬೋರ್ಡು ಮಸುಕಾಗಿ ಕಾಣುವ ಮಗುವಿಗೆ ವರ್ಷಗಟ್ಟಲೆ ಪರಿಹಾರ ಬೋಧನೆ ಮಾಡಿದರೆ ಏನು ಪ್ರಯೋಜನ? ಉಳಿದದ್ದು ಒಂದೇ ಪ್ರಶ್ನೆ. ಅವನಿಗೆ ಓದಲು ಮನಸ್ಸಿಲ್ಲವೋ, ಓದಲು ಆಗುವುದಿಲ್ಲವೋ?

‘ಸೂಯ’

ಒಂದು ಮಧ್ಯಾಹ್ನ ಉಳಿದವರು ಆಟಕ್ಕೆ ಹೋದಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಆಗ ನಡೆಯುತ್ತಿದ್ದದ್ದು ನಕ್ಷತ್ರಗಳ ಬಗ್ಗೆ ಒಂದು ಗದ್ಯಪಾಠ. ಅದರಿಂದ ಮೊದಲ 100 ಪದಗಳನ್ನು ಗುರುತು ಮಾಡಿಕೊಂಡು, ‘ನಿಧಾನಕ್ಕೆ ಓದು, ತಪ್ಪಿದರೂ ಪರವಾಗಿಲ್ಲ’ ಎಂದೆ. ನನ್ನ ಪ್ರತಿಯಲ್ಲಿ ತಪ್ಪಿದ ಪದದ ಕೆಳಗೆ ಗೆರೆ ಎಳೆಯುತ್ತಾ ಹೋದೆ.

‘ರಾತ್ರಿ’ ಬಂದಾಗ ಅವನು ‘ರಾತಿ’ ಎಂದ. ‘ಸೂರ್ಯ’ ಬಂತು. ಬೆರಳು ‘ಸೂ’ ಮೇಲೆ ನಿಂತಿತು, ‘ಯ’ ಮೇಲೆ ಸರಿಯಿತು, ಆಮೇಲೆ ಅರ್ಕಾವತ್ತಿನ ಮೇಲೆ ಬಂದು ಅಲ್ಲೇ ನಿಂತುಬಿಟ್ಟಿತು. ‘ಸೂಯ...’ ಎಂದು ನನ್ನ ಮುಖ ನೋಡಿದ. ನಾನು ಸುಮ್ಮನಿದ್ದೆ. ‘ಒಂಬತ್ತಾ?’ ಎಂದು ಕೇಳಿದ. ಅರ್ಕಾವತ್ತಿನ ಆಕಾರವನ್ನು ಅವನು ಕನ್ನಡದ ೯ ಎಂಬ ಅಂಕಿ ಎಂದುಕೊಂಡಿದ್ದ. ಮೂರನೇ ತರಗತಿಯ ಅರ್ಧ ವರ್ಷ ಕಳೆದಿತ್ತು. ಅಷ್ಟು ದಿನ ಪ್ರತಿ ಪುಟದಲ್ಲೂ ಪದಗಳ ನಡುವೆ ಅರ್ಥವಿಲ್ಲದ ಒಂಬತ್ತುಗಳನ್ನು ನೋಡಿಕೊಂಡು ಕುಳಿತಿದ್ದ ಮಗು ಅದು. ‘ಆಶ್ಚರ್ಯ’ ಬಂದಾಗ ಓದಲೇ ಇಲ್ಲ. ಕೆನ್ನೆ ಕೆಂಪೇರಿತು. ‘ಟೀಚರ್, ನೀರು ಕುಡಿದು ಬರ್ಲಾ?’ ಎಂದ.

100ರಲ್ಲಿ 82 ಪದ ಸರಿ, 18 ತಪ್ಪು ಅಥವಾ ಬಿಟ್ಟದ್ದು. ಆ 18ರಲ್ಲಿ 15 ಸಂಯುಕ್ತಾಕ್ಷರದ ಪದಗಳು. ಗುಣಿತಾಕ್ಷರ ಮಾತ್ರ ಇದ್ದ ಪದಗಳನ್ನು ತಡವರಿಸಿದರೂ ಬಹುತೇಕ ಸರಿಯಾಗಿಯೇ ಓದಿದ್ದ. ಎರಡನೇ ತರಗತಿಯ ಒಂದು ಗದ್ಯ ಕೊಟ್ಟಾಗ 100ರಲ್ಲಿ 96 ಸರಿ. ಕೊನೆಗೆ ಅದೇ ನಕ್ಷತ್ರದ ಪಾಠವನ್ನು ನಾನೇ ಓದಿ ಹೇಳಿ ಐದು ಪ್ರಶ್ನೆ ಕೇಳಿದೆ. ಐದಕ್ಕೂ ಉತ್ತರ ಬಂತು, ಜೊತೆಗೆ ಹಗಲಿನಲ್ಲಿ ನಕ್ಷತ್ರಗಳು ಎಲ್ಲಿಗೆ ಹೋಗುತ್ತವೆ ಎಂಬ ಅವನದೇ ಪ್ರಶ್ನೆಯೂ ಬಂತು. ಅವನ ತಿಳಿವಳಿಕೆಗೆ ಪಾಠ ಕಷ್ಟವಾಗಿರಲಿಲ್ಲ. ಕಬ್ಬಿಣದ ಕಡಲೆಯಾಗಿದ್ದದ್ದು ಅಕ್ಷರ.

ಈ ಅಂಕಿಗಳನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಅಮೆರಿಕದ ಓದು ತಜ್ಞ ಎಮೆಟ್ ಬೆಟ್ಸ್ 1946ರಲ್ಲಿ ಮೂರು ಹಂತಗಳನ್ನು ಹೇಳಿದ್ದರು. 100ಕ್ಕೆ 99 ಪದ ಗೊತ್ತಿದ್ದರೆ ಮಗು ತಾನೇ ಓದಿಕೊಳ್ಳಬಲ್ಲ ಹಂತ, 95ರ ಆಸುಪಾಸಿನಲ್ಲಿದ್ದರೆ ಶಿಕ್ಷಕರ ನೆರವಿನಿಂದ ಕಲಿಯುವ ಹಂತ, 90ಕ್ಕಿಂತ ಕೆಳಗೆ ಹೋದರೆ ಹತಾಶೆಯ ಹಂತ. 1978ರಲ್ಲಿ ಸಂಶೋಧಕರಾದ ಗಿಕ್ಲಿಂಗ್ ಮತ್ತು ಆರ್ಮ್‌ಸ್ಟ್ರಾಂಗ್ ಇದೇ ವಿಷಯವನ್ನು ನಡವಳಿಕೆಯ ಕಡೆಯಿಂದ ನೋಡಿದರು. ಗೊತ್ತಿಲ್ಲದ ಪದ ಹೆಚ್ಚಾದಾಗ ಮಕ್ಕಳ ಗಮನ ಚದುರಿತು, ಕೆಲಸ ಅರ್ಧಕ್ಕೆ ನಿಂತಿತು. ತೀರಾ ಸುಲಭವಾದಾಗ ಕೆಲಸವೇನೋ ಮುಗಿಯಿತು, ಆದರೆ ಗಮನ ಮತ್ತೆ ಬೇರೆಡೆಗೆ ಹರಿಯಿತು. ಮಧ್ಯದಲ್ಲಿ ಮಕ್ಕಳು ಕುಳಿತು ಓದಿದರು. 2007ರಲ್ಲಿ ಟ್ರೆಪ್ಟೋ, ಬರ್ನ್ಸ್ ಮತ್ತು ಮೆಕೋಮಸ್ ಮೂರನೇ ತರಗತಿಯ ಮೂರು ಮಕ್ಕಳಲ್ಲಿ ಇದನ್ನು ಮತ್ತೆ ನೋಡಿದಾಗಲೂ ಹತಾಶೆಯ ಹಂತದ ಪಠ್ಯದಲ್ಲಿ ಮಕ್ಕಳು ಕೆಲಸದಲ್ಲಿ ತೊಡಗುವ ಹೊತ್ತು ಕುಗ್ಗಿತ್ತು.

ಇಲ್ಲಿ ಒಂದು ಎಚ್ಚರಿಕೆ. ಈ ಗೆರೆಗಳನ್ನು ಎಳೆದದ್ದು ಇಂಗ್ಲಿಷ್ ಓದಿನ ಮೇಲೆ. ಕನ್ನಡದ ಪದ ಬೇರೆ ಬಗೆಯದು. ‘ನಕ್ಷತ್ರಗಳನ್ನೆಲ್ಲ’ ಎಂಬುದು ಎಣಿಕೆಗೆ ಒಂದೇ ಪದ. ಅದರೊಳಗೆ ಮಗು ನಾಲ್ಕು ಒತ್ತಕ್ಷರ ದಾಟಬೇಕು, ಎರಡು ಪ್ರತ್ಯಯ ಬಿಡಿಸಿಕೊಳ್ಳಬೇಕು, ಒಂದು ಸಂಧಿಯನ್ನು ಕೇಳಿಸಿಕೊಳ್ಳಬೇಕು. ಹೀಗಾಗಿ ಪದ ಎಣಿಸುವುದರ ಜೊತೆಗೆ ಒಂದು ಪ್ಯಾರಾದಲ್ಲಿ ಮಗುವಿಗೆ ಬಾರದ ಅಕ್ಷರಗಳು ಎಷ್ಟು, ಯಾವುವು ಎಂದು ಪಟ್ಟಿ ಮಾಡುವುದು ನನಗೆ ಹೆಚ್ಚು ಉಪಯೋಗಕ್ಕೆ ಬಂತು. ಕನ್ನಡ ಮಕ್ಕಳ ಅಕ್ಷರ ಕಲಿಕೆಯ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ಈ ಲಿಪಿಯ ಅಕ್ಷರಗಳ ಮೇಲೆ ಹಿಡಿತ ಒಂದೆರಡು ವರ್ಷದಲ್ಲಿ ಮುಗಿಯುವ ಕೆಲಸವಲ್ಲ, ಅದು ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ವರ್ಣಮಾಲೆ ಒಪ್ಪಿಸಿದ ಮಗುವಿಗೆ ಓದು ಬಂದಿದೆ ಎಂದು ನಾವು ಕೈ ತೊಳೆದುಕೊಳ್ಳುತ್ತೇವೆ. ತ, ನ, ಮ, ಯ, ರ, ಲ ಒತ್ತಾದಾಗ ಮೂಲ ಅಕ್ಷರದ ಮುಖವೇ ಉಳಿಯುವುದಿಲ್ಲ ಎಂಬುದನ್ನು ದೊಡ್ಡವರಾದ ನಾವು ಮರೆತಿರುತ್ತೇವೆ. ಅರ್ಕಾವತ್ತಿನಲ್ಲಿ ಇನ್ನೂ ಒಂದು ತೊಡಕಿದೆ. ಬಾಯಿಗೆ ಮೊದಲು ಬರುವ ಸದ್ದು ಕಣ್ಣಿಗೆ ಕೊನೆಯಲ್ಲಿ ಸಿಗುತ್ತದೆ. ಯಾರೂ ಕೈ ಹಿಡಿದು ತೋರಿಸದಿದ್ದರೆ ಮಗು ತಾನಾಗಿ ಅದನ್ನು ಕಂಡುಕೊಳ್ಳಬೇಕು, ಇಲ್ಲವೇ ಒಂಬತ್ತು ಎಂದುಕೊಳ್ಳಬೇಕು.

ಸುಲಭ ಪುಸ್ತಕದಿಂದಾದ ಪೆಟ್ಟು

ಕಾರಣ ತಿಳಿದ ಮೇಲೆ ಪರಿಹಾರ ಸುಲಭ ಅನ್ನಿಸಿತ್ತು. 96 ಪದ ಬರುವ ಪುಸ್ತಕ ಕೊಟ್ಟರೆ ಆಯಿತು. ಮರುದಿನವೇ ಎರಡನೇ ತರಗತಿಯ ಪುಸ್ತಕ ಕೊಟ್ಟು, ‘ನೀನು ಇದನ್ನು ಓದು’ ಎಂದೆ. ಎರಡು ದಿನ ಅವನು ನಿಜಕ್ಕೂ ಕುಳಿತು ಓದಿದ. ಪೆನ್ಸಿಲ್ ಮೇಜಿನ ಮೇಲೆಯೇ ಇತ್ತು. ಮೂರನೇ ದಿನ ಪಕ್ಕದವನು ಹೊದಿಕೆ ನೋಡಿ, ‘ಏ, ಇವನದು ಎರಡನೇ ಕ್ಲಾಸಿನ ಪುಸ್ತಕ!’ ಎಂದ. ಮುಂದಿನ ಅವಧಿಯಲ್ಲಿ ಆ ಪುಸ್ತಕ ಕಿಟಕಿಯಿಂದ ಹೊರಗೆ ಬಿದ್ದಿತ್ತು. ತಪ್ಪು ನನ್ನದು. ಕಷ್ಟದ ಪಠ್ಯ ಕೊಟ್ಟ ಅವಮಾನದಿಂದ ಪಾರು ಮಾಡಲು ಹೋಗಿ, ನಾಲ್ಕು ಜನರ ಮುಂದೆ ಇನ್ನೊಂದು ಅವಮಾನ ಮಾಡಿದ್ದೆ.

ಆ ಘಟನೆಯಿಂದಲೇ ಯೋಜನೆ ಬದಲಾಯಿತು. ಅಷ್ಟಕ್ಕೂ ವರ್ಷವಿಡೀ ಎರಡನೇ ತರಗತಿಯ ಪಠ್ಯ ಓದಿಸಿದರೆ ಅವನು ಶಾಂತವಾಗಿ ಹಿಂದೆ ಬೀಳುತ್ತಾನೆ, ಅಷ್ಟೆ. ಅವನಿಗೆ ನಕ್ಷತ್ರದ ಪಾಠವೇ ಬೇಕು, ಎಲ್ಲರೊಂದಿಗೆ ಬೇಕು. ಹಾಗಾದರೆ ಪಠ್ಯವನ್ನು ಅವನ ಬಳಿಗೆ ತರಬೇಕು, ಅವನನ್ನೂ ಪಠ್ಯದ ಬಳಿಗೆ ಕರೆದೊಯ್ಯಬೇಕು.

ಅದೇ ಪಾಠವನ್ನು ಸಂಜೆ ಕುಳಿತು ತಿರುಗಿ ಬರೆದೆ. ವಿಷಯ ಅದೇ, ಚಿತ್ರ ಅದೇ, ಹಾಳೆಯ ನೋಟವೂ ಉಳಿದವರ ಹಾಳೆಯದೇ. ‘ವಿಜ್ಞಾನಿಗಳು ಸೂಕ್ಷ್ಮವಾಗಿ ವೀಕ್ಷಿಸಿ’ ಎಂಬುದು ‘ತಿಳಿದವರು ಬಹಳ ಹೊತ್ತು ನೋಡಿ’ ಎಂದಾಯಿತು. ‘ನಕ್ಷತ್ರ’, ‘ರಾತ್ರಿ’, ‘ಸೂರ್ಯ’ ಮಾತ್ರ ಹಾಗೆಯೇ ಉಳಿದವು. ಕಲಿಯಬೇಕಾದದ್ದು ಅವೇ ತಾನೇ? ಹಂಚುವಾಗ ತರಗತಿಗೆಲ್ಲ ಮೂರು ಬಗೆಯ ಹಾಳೆ ಕೊಟ್ಟೆ. ಒಬ್ಬನಿಗೆ ಮಾತ್ರ ಬೇರೆ ಎಂಬುದು ಇಲ್ಲವಾಯಿತು.

ನಿಜವಾಗಿ ಬದಲಾವಣೆ ತಂದದ್ದು ಹಿಂದಿನ ದಿನದ ಹತ್ತು ನಿಮಿಷ. ನಾಳೆ ಓದಬೇಕಾದ ಪ್ಯಾರಾದಿಂದ ಆರು ಪದ ಆರಿಸಿ, ಒಂದೊಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು, ಒತ್ತಕ್ಷರಕ್ಕೆ ಬೇರೆ ಬಣ್ಣ ಹಾಕಿ ಅವನ ಜೊತೆ ಓದುತ್ತಿದ್ದೆ. ಆರರಲ್ಲಿ ಮೂರು ಹೊಸತು, ಮೂರು ಅವನಿಗೆ ಆಗಲೇ ಬರುವಂಥವು. ಎಲ್ಲವೂ ಹೊಸತಾದರೆ ಆ ಹತ್ತು ನಿಮಿಷವೂ ಇನ್ನೊಂದು ಓದಿನ ಅವಧಿಯಾಗಿಬಿಡುತ್ತಿತ್ತು. ಅರ್ಕಾವತ್ತಿಗೆ ಒಂದು ದಿನ ಪೂರ್ತಿ ಕೊಟ್ಟೆವು. ‘ಸೂರ್ಯ’ ಎಂದು ಬರೆದು ಅದರ ಕೆಳಗೆ ‘ಸೂ-ರ್-ಯ’ ಎಂದು ಬಿಡಿಸಿ ಬರೆದೆ. ‘ಇದು ಒಂಬತ್ತಲ್ಲ. ರ ತನ್ನ ಜಾಗ ಬಿಟ್ಟು ಹಿಂದೆ ಹೋಗಿ ನಿಂತಿದೆ. ಓದುವಾಗ ಅದನ್ನು ಮುಂದಕ್ಕೆ ಕರೀಬೇಕು’ ಎಂದೆ. ಅವನು ಬೆರಳಿನಿಂದ ಅರ್ಕಾವತ್ತನ್ನು ಮುಟ್ಟಿ, ‘ಬಾ’ ಎಂದು ಪಿಸುಗುಟ್ಟಿ, ಆಮೇಲೆ ‘ಸೂರ್ಯ’ ಎಂದ. ಎಷ್ಟೋ ದಿನ ತರಗತಿಯಲ್ಲಿ ಓದುವಾಗಲೂ ಆ ‘ಬಾ’ ಅವನ ತುಟಿಯ ಮೇಲೆ ಕಾಣುತ್ತಿತ್ತು.

ಸರದಿಯ ಪದ್ಧತಿಯನ್ನೂ ಬಿಟ್ಟೆ. ಇದರ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ. ಬೆಂಚಿನಿಂದ ಬೆಂಚಿಗೆ ಓದು ಹರಿದು ಬರುವಾಗ, ಓದಲು ಬಾರದ ಮಗು ಮುಳ್ಳಿನ ಮೇಲೆ ಕುಳಿತಿರುತ್ತದೆ. ಓದಲು ಬರುವ ಮಗು ತನ್ನ ಸಾಲನ್ನು ಲೆಕ್ಕಹಾಕಿಕೊಂಡು ಉಳಿದದ್ದನ್ನು ಕೇಳುವುದೇ ಇಲ್ಲ. ಅದರಿಂದ ಯಾರಿಗೂ ಓದು ಬರುವುದನ್ನು ನಾನು ಕಂಡಿಲ್ಲ. ಈಗ ಜೋಡಿಯಾಗಿ ಓದುತ್ತಾರೆ. ಗಟ್ಟಿಯಾಗಿ ಓದಬೇಕಾದವರಿಗೆ ಅವರ ಪ್ಯಾರಾ ಹಿಂದಿನ ದಿನವೇ ಗೊತ್ತಿರುತ್ತದೆ, ಮನೆಯಲ್ಲಿ ಮೂರು ನಾಲ್ಕು ಸಲ ಓದಿ ಬಂದಿರುತ್ತಾರೆ. ಒಂದೇ ಭಾಗವನ್ನು ಮತ್ತೆ ಮತ್ತೆ ಓದಿಸುವ ಈ ವಿಧಾನದ ಬಗ್ಗೆ ಓದಿನ ಸಂಶೋಧಕ ಸ್ಯಾಮ್ಯುಯೆಲ್ಸ್ 1979ರಲ್ಲೇ ಬರೆದಿದ್ದರು. ಅಕ್ಷರ ಬಿಡಿಸುವುದಕ್ಕೇ ಗಮನವೆಲ್ಲ ಖರ್ಚಾದರೆ ಅರ್ಥಕ್ಕೆ ಏನೂ ಉಳಿಯುವುದಿಲ್ಲ ಎಂಬುದು ಅದರ ಹಿಂದಿನ ತಿಳಿವಳಿಕೆ.

ಇನ್ನೊಂದು ಸಣ್ಣ ಸಂಗತಿ, ಹಳದಿ ಚೀಟಿ. ಕಾರ್ ಮತ್ತು ಡ್ಯುರಾಂಡ್ ಎಂಬ ಮನೋವಿಜ್ಞಾನಿಗಳು 1985ರಲ್ಲಿ ಬೆಳವಣಿಗೆಯ ತೊಂದರೆಗಳಿದ್ದ ನಾಲ್ಕು ಮಕ್ಕಳೊಂದಿಗೆ ಕೆಲಸ ಮಾಡಿದ್ದರು. ಕಷ್ಟದ ಕೆಲಸ ಬಂದಾಗ ಗಲಾಟೆ ಮಾಡುತ್ತಿದ್ದ ಮಕ್ಕಳಿಗೆ, ನನಗೆ ಅರ್ಥವಾಗುತ್ತಿಲ್ಲ ಎಂದು ಹೇಳುವುದನ್ನು ಕಲಿಸಿದಾಗ ಗಲಾಟೆ ಇಳಿಯಿತು. ಗಲಾಟೆಯೂ ಒಂದು ಮಾತು. ಅದೇ ಮಾತನ್ನು ಹೇಳಲು ಬೇರೆ ದಾರಿ ಸಿಕ್ಕರೆ ಮಗು ಅದನ್ನು ಹಿಡಿಯುತ್ತದೆ. ನಮ್ಮ ತರಗತಿಯಲ್ಲಿ ಎಲ್ಲರಿಗೂ ಒಂದೊಂದು ಹಳದಿ ಚೀಟಿ ಕೊಟ್ಟೆ. ಓದುತ್ತಾ ಸಿಕ್ಕಿಹಾಕಿಕೊಂಡರೆ ಮೇಜಿನ ಮೂಲೆಯಲ್ಲಿ ಇಡಬೇಕು, ನಾನು ಬಂದು ಆ ಪದ ಹೇಳಿಕೊಟ್ಟು ಮುಂದೆ ಹೋಗುತ್ತೇನೆ. ಕೈ ಎತ್ತಬೇಕಿಲ್ಲ, ಯಾರೂ ತಿರುಗಿ ನೋಡುವುದಿಲ್ಲ. ಬಾಗಿಲ ಬಳಿ ನಿಲ್ಲಿಸುವುದು ಅಂದಿಗೆ ನಿಂತಿತು. ಪೆನ್ಸಿಲ್ ಬಿದ್ದರೆ ನಾನೇ ಎತ್ತಿ ಕೊಟ್ಟು, ಬೆರಳಿಟ್ಟು, ‘ಈ ಪದ ಒಟ್ಟಿಗೆ ಓದೋಣ’ ಎನ್ನುತ್ತಿದ್ದೆ. ಓದಿನಿಂದ ಬಿಡುಗಡೆ ಇಲ್ಲ, ನೆರವು ಮಾತ್ರ ಕೇಳಿದಷ್ಟು ಇದೆ.

ಎಂಟು ವಾರ

ಮೊದಲ ವಾರ ಗಲಾಟೆ ಹೆಚ್ಚಾಯಿತು. ಇದನ್ನು ಮುಚ್ಚಿಡಬಾರದು. ಅಷ್ಟು ದಿನ ತೆರೆದಿದ್ದ ಬಾಗಿಲು ಒಮ್ಮೆಲೇ ಮುಚ್ಚಿದ್ದಕ್ಕೆ ಅವನು ಪೆನ್ಸಿಲ್ ಬಿಟ್ಟು ಜಾಮಿಟ್ರಿ ಬಾಕ್ಸನ್ನೇ ಬೀಳಿಸಿದ. ಕೈಬಿಡೋಣ ಅನ್ನಿಸಿದ್ದೂ ನಿಜ. ಹೀಗಾಗುವುದು ಸಾಮಾನ್ಯ ಎಂದು ಸಹೋದ್ಯೋಗಿ ಧೈರ್ಯ ಹೇಳದಿದ್ದರೆ ನಾನು ಹಳೆಯ ದಾರಿಗೇ ಮರಳುತ್ತಿದ್ದೆ.

ಎರಡನೇ ವಾರದ ಕೊನೆಗೆ ಹಳದಿ ಚೀಟಿ ಮೊದಲ ಸಲ ಮೂಲೆಗೆ ಬಂತು. ಮೂರನೇ ವಾರ ಸಹೋದ್ಯೋಗಿ ಮತ್ತೆ ಹಿಂದೆ ಕುಳಿತರು. ಈ ಸಲ ನಿಮಿಷಕ್ಕೊಮ್ಮೆ ತಲೆಯೆತ್ತಿ ನೋಡಿ, ಆ ಕ್ಷಣದಲ್ಲಿ ಹುಡುಗ ಓದಿನಲ್ಲಿದ್ದಾನೋ ಇಲ್ಲವೋ ಎಂದು ಗುರುತು ಹಾಕುವುದು, 20 ನಿಮಿಷಕ್ಕೆ 20 ಗುರುತು. ಮೊದಲೇ ಪರಿಚಯಿಸಿದ ಪ್ಯಾರಾ ಓದಿದ ದಿನ 16 ಗುರುತು ಓದಿನಲ್ಲಿ. ಬೇಕೆಂದೇ ಪರಿಚಯಿಸದೆ ಬಿಟ್ಟ ಪ್ಯಾರಾ ಓದಿದ ದಿನ 7. ಹುಡುಗ ಅದೇ, ಬೆಂಚು ಅದೇ, ಶಿಕ್ಷಕಿಯೂ ಅದೇ. ಒಂದೇ ಮಗು, ಕೆಲವೇ ದಿನ. ಇದರ ಮೇಲೆ ಸಿದ್ಧಾಂತ ಕಟ್ಟುವುದು ಬೇಡ. ಆದರೆ ‘ಮನಸ್ಸಿಲ್ಲ’ ಎಂಬ ನನ್ನ ಮಾತನ್ನು ಹಿಂದಕ್ಕೆ ಪಡೆಯಲು ಆ ಎರಡು ದಿನ ಸಾಕಾದವು.

ಐದನೇ ವಾರ ಒಂದು ದಿನ ನಾನು ರಜೆಯಲ್ಲಿದ್ದೆ. ಬದಲಿಗೆ ಬಂದವರು ಸರದಿಯಲ್ಲಿ ಓದಿಸಿದರು. ಆ ದಿನ ಹುಡುಗ ಮತ್ತೆ ಬಾಗಿಲ ಬಳಿ ನಿಂತಿದ್ದ ಎಂದು ಮಕ್ಕಳು ಹೇಳಿದರು. ಮರುದಿನ ನಾನು ಬಂದಾಗ ಅವನು ನನ್ನ ಕಡೆ ನೋಡಲಿಲ್ಲ. ಬದಲಿಗೆ ಬಂದವರಿಗೆ ನಾನು ಒಂದು ಚೀಟಿ ಬರೆದಿಟ್ಟು ಹೋಗಿದ್ದರೆ ಸಾಕಿತ್ತು. ಇಂಥ ಯೋಜನೆ ಒಬ್ಬ ಶಿಕ್ಷಕಿಯ ತಲೆಯೊಳಗೆ ಮಾತ್ರ ಇದ್ದರೆ ಒಂದು ದಿನದ ರಜೆಗೆ ಕುಸಿಯುತ್ತದೆ. ಈಗ ಹಾಜರಿ ಪುಸ್ತಕದೊಳಗೆ ಒಂದು ಹಾಳೆ ಇಟ್ಟಿದ್ದೇನೆ.

ಎಂಟನೇ ವಾರದಲ್ಲಿ ಅವನು ಓದದೇ ಇದ್ದ ಹೊಸ ಪಾಠದಿಂದ 100 ಪದ ಓದಿಸಿದೆ. 91 ಸರಿ. ಅರ್ಕಾವತ್ತಿನ ಪದ ಐದಿದ್ದವು, ಐದೂ ಸರಿ. ‘ಸೂಕ್ಷ್ಮ’ದಂಥ ಮೂರು ವ್ಯಂಜನಗಳ ಗಂಟು ಇನ್ನೂ ಬಿಡಿಸಲಾಗುತ್ತಿಲ್ಲ, ಓದಿನ ವೇಗವೂ ಹೇಳಿಕೊಳ್ಳುವಷ್ಟು ಏರಿಲ್ಲ. ಪೆನ್ಸಿಲ್ ಈಗಲೂ ಆಗಾಗ ಬೀಳುತ್ತದೆ. ಬಿದ್ದಾಗ ನಾನು ಮೊದಲು ನೋಡುವುದು ಅವನ ಮುಂದಿರುವ ಪುಟವನ್ನು.

ನಾವು ಬರೆಯದೇ ಬಿಟ್ಟ ಇಬ್ಬರು

ಹಿಂದಿನ ಬೆಂಚಿನಿಂದ ಬರೆದ ಆ ಪುಟಗಳಲ್ಲಿ ಹುಡುಗನ ಬಗ್ಗೆ ಮಾತ್ರ ಇರಲಿಲ್ಲ. ಅಂಚಿನಲ್ಲಿ ಎರಡು ಟಿಪ್ಪಣಿಗಳಿದ್ದವು, ನಾನು ಅವನ್ನು ತಡವಾಗಿ ಗಮನಿಸಿದೆ.

ಒಂದು, ಕಿಟಕಿಯ ಬಳಿ ಕೂರುವ ಹುಡುಗಿಯ ಬಗ್ಗೆ: ‘ಎರಡು ನಿಮಿಷದಲ್ಲಿ ಓದಿ ಮುಗಿಸಿದಳು, ಉಳಿದ ಹದಿನೆಂಟು ನಿಮಿಷ ಪಕ್ಕದವಳ ಜಡೆ ಬಿಚ್ಚಿ ಕಟ್ಟಿದಳು.’ ಅವಳನ್ನು ನಾವು ವಾಚಾಳಿ ಎಂದು ಬೈಯುತ್ತಿದ್ದೆವು. ಅವಳಿಗೆ ಈಗ ಮೂರನೆಯ ಬಗೆಯ ಹಾಳೆ ಹೋಗುತ್ತದೆ, ಅದರಲ್ಲಿ ಪಾಠದ ಜೊತೆಗೆ ಇನ್ನೊಂದು ಉದ್ದದ ಗದ್ಯ ಇರುತ್ತದೆ. ಜಡೆ ಕಟ್ಟುವುದು ನಿಂತಿದೆ. ಅವಳ ವಿಷಯ ಅಷ್ಟು ಬೇಗ ಸರಿಹೋಯಿತು.

ಇನ್ನೊಂದು ಟಿಪ್ಪಣಿ ಮೂರನೇ ಸಾಲಿನ ಗೋಡೆ ಬದಿಯ ಹುಡುಗಿಯದು: ‘ಎಲ್ಲರ ಜೊತೆ ಪುಟ ತಿರುಗಿಸುತ್ತಾಳೆ. ಕಣ್ಣು ಪುಟದ ಮೇಲೆ ಚಲಿಸುತ್ತಿಲ್ಲ.’ ಅವಳು ಒಂದು ದಿನವೂ ಗಲಾಟೆ ಮಾಡಿದವಳಲ್ಲ. ಪ್ರಗತಿ ಪತ್ರದಲ್ಲಿ ‘ಒಳ್ಳೆಯ ನಡತೆ’ ಎಂದು ನಾನೇ ಬರೆದಿದ್ದೆ. ಸರದಿ ಬಂದಾಗ ತಲೆ ತಗ್ಗಿಸಿ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು, ನಾನು ‘ಜೋರಾಗಿ ಓದಮ್ಮ’ ಎಂದು ಮುಂದಿನವರಿಗೆ ಹೋಗುತ್ತಿದ್ದೆ. ಅದೇ ನಕ್ಷತ್ರದ 100 ಪದಗಳನ್ನು ಅವಳ ಕೈಯಲ್ಲಿ ಓದಿಸಿದಾಗ 60ನ್ನು ದಾಟಲಿಲ್ಲ. ಮೊದಲ ಸಾಲು ಮಾತ್ರ ನಿರರ್ಗಳವಾಗಿ ಬಂತು, ಅದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು. ಬೆರಳು ಒಂದು ಪದದ ಮೇಲಿತ್ತು, ಬಾಯಿ ಅದರ ಮುಂದಿನ ಪದ ಹೇಳುತ್ತಿತ್ತು.

ಹುಡುಗ ಜಾಮಿಟ್ರಿ ಬಾಕ್ಸ್ ಬೀಳಿಸಿ ನನ್ನನ್ನು ತನ್ನ ಬಳಿಗೆ ಕರೆಸಿಕೊಂಡ. ಅವಳು ಸದ್ದಿಲ್ಲದೆ ಪುಟ ತಿರುಗಿಸುತ್ತಾ ಅವನಿಗಿಂತ ಹಿಂದೆ ಉಳಿದಿದ್ದಳು, ಮೂರು ಕಂಬದ ನೋಟ್‌ಬುಕ್ಕಿನಲ್ಲಿ ಅವಳಿಗೆಂದು ಒಂದು ಸಾಲೂ ಇರಲಿಲ್ಲ. ಇಷ್ಟು ವರ್ಷ ನನ್ನ ತರಗತಿಗಳಲ್ಲಿ ಸುಮ್ಮನೆ ಕುಳಿತು ಮುಂದಿನ ತರಗತಿಗೆ ಹೋದ ಮಕ್ಕಳ ಮುಖಗಳು ಆ ಸಂಜೆ ಒಂದೊಂದಾಗಿ ನೆನಪಾದವು.

ಈಗ ತಿಂಗಳಿಗೊಮ್ಮೆ ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕರೆದು 100 ಪದ ಓದಿಸುತ್ತೇನೆ. ಒಂದು ಮಗುವಿಗೆ ಐದಾರು ನಿಮಿಷ ಸಾಕು. ಪೂರ್ತಿ ತರಗತಿಗೆ ಎರಡು ವಾರದ ಬಿಡುವಿನ ಅವಧಿಗಳು ಹೋಗುತ್ತವೆ. ಗೋಡೆ ಬದಿಯ ಹುಡುಗಿಯ ಜೊತೆ ಗುಣಿತಾಕ್ಷರದಿಂದಲೇ ಶುರುಮಾಡಿದ್ದೇನೆ. ಹಿಂದಿನ ದಿನದ ಹತ್ತು ನಿಮಿಷಕ್ಕೆ ಈಗ ಇಬ್ಬರೂ ಬರುತ್ತಾರೆ. ಹುಡುಗನೇ ಅವಳಿಗೆ ಚೀಟಿ ತೋರಿಸಿ ಅರ್ಕಾವತ್ತನ್ನು ಮುಂದಕ್ಕೆ ಕರೆಯುವುದನ್ನು ಹೇಳಿಕೊಡುತ್ತಾನೆ.

ಹಳದಿ ಚೀಟಿಯನ್ನು ಅವಳು ಆರು ವಾರ ಪುಸ್ತಕದೊಳಗೆ ಮಡಚಿ ಇಟ್ಟುಕೊಂಡಿದ್ದಳು. ಮೊನ್ನೆ ಜೋಡಿ ಓದಿನ ನಡುವೆ ಅದು ಮೇಜಿನ ಮೂಲೆಗೆ ಬಂತು, ಮಡಿಕೆಯ ಗುರುತು ಹಾಗೇ ಇತ್ತು. ಹೋಗಿ ಪಕ್ಕದಲ್ಲಿ ಕುಳಿತೆ. ಅವಳ ಬೆರಳು ‘ಚಂದ್ರ’ದ ಒತ್ತಿನ ಮೇಲಿತ್ತು.